ಬ್ಲೇಜಾರ್ ಫ್ಲೇರ್ ಆದಾಗ ಅಷ್ಟೊಂದು ಟೆಲಿಸ್ಕೋಪ್ ಯಾಕೆ ಒಟ್ಟಿಗೆ ತಿರುಗುತ್ತವೆ?

ಹಾಸನದಿಂದ ಒಬ್ಬ ಓದುಗರು ಕೇಳಿದ್ದಾರೆ: "ಯಾವುದೋ ಬ್ಲೇಜಾರ್ ನೂರಾರು ಪಟ್ಟು ಜಾಸ್ತಿ ಬೆಳಗಿತು ಅಂತ ಸುದ್ದಿ ಬಂದಾಗಲೆಲ್ಲ ರೇಡಿಯೋದಿಂದ ಗಾಮಾ ಕಿರಣದ ತನಕ ಹತ್ತಾರು ಟೆಲಿಸ್ಕೋಪ್ ಅದನ್ನೇ ನೋಡಿದವು ಅಂತ ಬರೀತಾರೆ. ಒಂದು ಒಳ್ಳೇ ದೊಡ್ಡ ಟೆಲಿಸ್ಕೋಪ್ ಸಾಲದಾ? ಅಲ್ಲಿ ನಿಜವಾಗಿ ಏನು ಸ್ಫೋಟ ಆಗಿರುತ್ತೆ? ನಮ್ಮ ದೇಶದಿಂದ ಇದನ್ನ ನೋಡ್ತಾರಾ? ನನ್ನ ಹತ್ರ 8 ಇಂಚಿನ ಟೆಲಿಸ್ಕೋಪ್, ಒಂದು ಸಣ್ಣ ಕ್ಯಾಮೆರಾ ಇದೆ, ನನ್ನಿಂದ ಏನಾದ್ರೂ ಆಗುತ್ತಾ?"

ಉತ್ತರ:

ಮೊದಲು ಚಿಕ್ಕದಾಗಿ ಹೇಳಿಬಿಡ್ತೀನಿ, ಆಮೇಲೆ ಬಿಡಿಸಿ ಹೇಳ್ತೀನಿ. ಬ್ಲೇಜಾರ್‌ಗಳು ಎಷ್ಟು ದೂರ ಇವೆ ಅಂದ್ರೆ, ಎಷ್ಟೇ ದೊಡ್ಡ ಕನ್ನಡಿ ಇರೋ ಟೆಲಿಸ್ಕೋಪಲ್ಲಿ ನೋಡಿದ್ರೂ ಫ್ಲೇರ್ (ಇದ್ದಕ್ಕಿದ್ದ ಹಾಗೆ ಬೆಳಕು ಜೋರಾಗಿ ಏರೋದು) ಆಗ್ತಿರೋ ಜಾಗ ನಮಗೆ ಒಂದು ಚುಕ್ಕೆ, ಅಷ್ಟೇ. ಆ ಚುಕ್ಕೆ ಒಳಗೆ ಏನು ನಡೀತಿದೆ ಅಂತ ತಿಳ್ಕೊಳ್ಳೋಕೆ ನಮ್ಮ ಕೈಯಲ್ಲಿರೋ ಮುಖ್ಯ ದಾರಿ ಸರದಿ. ಯಾವ ಬೆಳಕು ಮೊದಲು ಏರಿತು, ಯಾವುದು ಎಷ್ಟು ದಿನ ತಡವಾಗಿ ಏರಿತು, ಯಾವುದು ಏರಲೇ ಇಲ್ಲ, ಏರಿದ್ದು ಎಷ್ಟು ಪಟ್ಟು. ಈ ಸರದಿ ಗೊತ್ತಾಗಬೇಕಾದ್ರೆ ರೇಡಿಯೋ, ಇನ್‌ಫ್ರಾರೆಡ್, ಕಣ್ಣಿಗೆ ಕಾಣೋ ಬೆಳಕು, ಅತಿನೇರಳೆ, ಎಕ್ಸ್-ರೇ, ಗಾಮಾ ಎಲ್ಲವನ್ನೂ ಅದೇ ದಿನ, ಸಾಧ್ಯ ಆದ್ರೆ ಅದೇ ಗಂಟೆಯಲ್ಲಿ ಅಳೀಬೇಕು. ಇಷ್ಟನ್ನೂ ಅಳೆಯೋ ಒಂದೇ ಉಪಕರಣ ಅಂತ ಯಾವುದೂ ಇಲ್ಲ, ರೇಡಿಯೋಗೆ ದೊಡ್ಡ ಡಿಶ್ ಬೇಕು, ಎಕ್ಸ್-ರೇಗೆ ವಾತಾವರಣದಿಂದ ಆಚೆ ಉಪಗ್ರಹವೇ ಬೇಕು. ಮತ್ತೆ ನಿನ್ನೆ ರಾತ್ರಿ ಅಳೀದೇ ಬಿಟ್ಟ ಸಂಖ್ಯೆ ನಾಳೆ ಎಷ್ಟು ದುಡ್ಡು ಸುರಿದ್ರೂ ಸಿಗಲ್ಲ. ಅದಕ್ಕೇ ಆ ಗಡಿಬಿಡಿ.

ಈಗ ಬ್ಲೇಜಾರ್ ಅಂದ್ರೆ ಏನು ಅನ್ನೋದು. ಕೆಲವು ಗ್ಯಾಲಕ್ಸಿಗಳ ನಡುವೆ ಸೂರ್ಯನ ಕೋಟಿಗಟ್ಟಲೆ ಪಟ್ಟು, ಕೆಲವು ಸಲ ನೂರು ಕೋಟಿ ಪಟ್ಟು ತೂಕದ ಬ್ಲ್ಯಾಕ್ ಹೋಲ್ ಕೂತಿರುತ್ತೆ. ಅದರ ಸುತ್ತ ಸುರುಳಿ ಸುತ್ತಿ ಒಳಗೆ ಬೀಳ್ತಿರೋ ಅನಿಲದ ಶಕ್ತಿಯಲ್ಲಿ ಒಂದು ಪಾಲು ಎರಡು ಕಡೆಗೂ ಸಪೂರವಾದ ಜೆಟ್ ಆಗಿ ಚಿಮ್ಮುತ್ತೆ, ಬೆಳಕಿನ ವೇಗದ ಶೇ. 99ಕ್ಕಿಂತ ಹೆಚ್ಚಿನ ವೇಗದಲ್ಲಿ. ಅಂಥ ಜೆಟ್ ಆಕಸ್ಮಿಕವಾಗಿ ನಮ್ಮ ಕಡೆಗೇ ಮುಖ ಮಾಡಿದ್ರೆ ಅದು ನಮಗೆ ಬ್ಲೇಜಾರ್. ಬೇರೆ ದಿಕ್ಕಿನಿಂದ ನೋಡೋರಿಗೆ ಅದೇ ವಸ್ತು ಒಂದು ಸಾಧಾರಣ ರೇಡಿಯೋ ಗ್ಯಾಲಕ್ಸಿ. ಹೆಸರಿನ ಕಥೆನೂ ಚೆನ್ನಾಗಿದೆ: 1929ರಲ್ಲಿ ಜರ್ಮನಿಯ ಕೂನೊ ಹಾಫ್‌ಮೈಸ್ಟರ್ ಬೆಳಕು ಏರಿಳಿಯೋ ಒಂದು ನಕ್ಷತ್ರ ಅಂದ್ಕೊಂಡು ಬಿಎಲ್ ಲ್ಯಾಸರ್ಟೇನ ಪಟ್ಟಿಗೆ ಸೇರಿಸಿದ್ರು, ಅದೇ ಜಾಗದಿಂದ ಬಲವಾದ ರೇಡಿಯೋ ಅಲೆನೂ ಬರ್ತಿದೆ ಅಂತ ಗೊತ್ತಾಗೋಕೆ 1968 ಬೇಕಾಯ್ತು, ಅಂದ್ರೆ ಸುಮಾರು ನಲವತ್ತು ವರ್ಷ ಒಂದು ಇಡೀ ಗ್ಯಾಲಕ್ಸಿಯ ನಡುಭಾಗ ನಕ್ಷತ್ರದ ಪಟ್ಟಿಯಲ್ಲಿ ಕೂತಿತ್ತು. ಆಮೇಲೆ 1978ರಲ್ಲಿ ಎಡ್ ಸ್ಪೀಗೆಲ್ ಬಿಎಲ್ ಲ್ಯಾಕ್, ಕ್ವೇಸಾರ್ (ದೂರದ, ಬಹಳ ಬೆಳಗೋ ಗ್ಯಾಲಕ್ಸಿ ನಡುಭಾಗ) ಎರಡೂ ಪದ ಸೇರಿಸಿ ಬ್ಲೇಜಾರ್ ಅಂದ್ರು, ಹೆಸರು ನಿಂತುಬಿಡ್ತು.

ಜೆಟ್‌ನಲ್ಲಿ ಬೆಳಕು ಹುಟ್ಟೋದು ಎರಡು ರೀತಿ. ವೇಗವಾಗಿ ಓಡೋ ಎಲೆಕ್ಟ್ರಾನು ಜೆಟ್‌ನ ಕಾಂತಕ್ಷೇತ್ರದಲ್ಲಿ ಸುರುಳಿ ಸುತ್ತುತ್ತಾ ಬೆಳಕು ಚೆಲ್ಲುತ್ತೆ, ಇದು ಸಿಂಕ್ರೊಟ್ರಾನ್. ರೇಡಿಯೋದಿಂದ ಹಿಡಿದು ಕಣ್ಣಿಗೆ ಕಾಣೋ ಬೆಳಕಿನ ತನಕ, ಕೆಲವು ಬ್ಲೇಜಾರ್‌ಗಳಲ್ಲಿ ಎಕ್ಸ್-ರೇ ತನಕ, ಎಲ್ಲ ಇದೇ. ಎರಡನೇದು, ಅದೇ ಎಲೆಕ್ಟ್ರಾನು ಅಲ್ಲೇ ಅಡ್ಡಾಡ್ತಿರೋ ಬೆಳಕಿನ ಕಣಕ್ಕೆ ಗುದ್ದುತ್ತೆ. ಕೇರಂನಲ್ಲಿ ಸ್ಟ್ರೈಕರ್ ರಭಸವಾಗಿ ಬಂದು ಕಾಯಿನ್‌ಗೆ ಹೊಡೆದು ತನ್ನ ವೇಗ ಅದಕ್ಕೆ ಕೊಡುತ್ತಲ್ಲ, ಹಾಗೆ ಸಾದಾ ಬೆಳಕಿನ ಕಣ ಗಾಮಾ ಕಿರಣ ಆಗಿ ಆಚೆ ಬರುತ್ತೆ. ಹಾಗಾಗಿ ಬ್ಲೇಜಾರ್‌ನ ಪೂರ್ತಿ ಬೆಳಕಿನ ಗ್ರಾಫ್ ಬರೆದ್ರೆ ಒಂಟೆ ಬೆನ್ನಿನ ಥರ ಎರಡು ಡುಬ್ಬ ಕಾಣುತ್ತೆ.

ಇಲ್ಲೊಂದು ಲೆಕ್ಕ ಇದೆ, ನನಗೆ ಬಹಳ ಇಷ್ಟವಾದದ್ದು. ಎಲೆಕ್ಟ್ರಾನುಗಳು ತಾವೇ ಹುಟ್ಟಿಸಿದ ಬೆಳಕಿಗೆ ತಾವೇ ಗುದ್ದುತ್ತಿವೆ ಅಂತಿಟ್ಕೊಳ್ಳಿ. ಎಲೆಕ್ಟ್ರಾನು ಮೂರು ಪಟ್ಟು ಹೆಚ್ಚಾದ್ರೆ ಕಣ್ಣಿಗೆ ಕಾಣೋ ಬೆಳಕು ಮೂರು ಪಟ್ಟು ಏರುತ್ತೆ, ಆದ್ರೆ ಗಾಮಾ ಒಂಬತ್ತು ಪಟ್ಟು ಏರಬೇಕು, ಯಾಕಂದ್ರೆ ಹೊಡೆಯೋರೂ ಮೂರು ಪಟ್ಟು, ಹೊಡೆಸಿಕೊಳ್ಳೋರೂ ಮೂರು ಪಟ್ಟು. ಅದರ ಬದಲು ಬ್ಲ್ಯಾಕ್ ಹೋಲ್ ಸುತ್ತಲಿನ ಅನಿಲ, ಧೂಳಿನಿಂದ ಬಂದ ಹೊರಗಿನ ಬೆಳಕಿಗೆ ಗುದ್ದುತ್ತಿದ್ರೆ ಎರಡೂ ಸಮ, ಮೂರಕ್ಕೆ ಮೂರು. ನೋಡಿ, ಎರಡು ಬಣ್ಣದಲ್ಲಿ ಒಂದೇ ದಿನ ಅಳತೆ ಇದ್ರೆ ಬರೀ ಗುಣಾಕಾರದಿಂದ ಅಷ್ಟು ದೂರದ ಜೆಟ್ ಒಳಗೆ ಯಾರು ಯಾರಿಗೆ ಹೊಡೀತಿದ್ದಾರೆ ಅನ್ನೋ ಸುಳಿವು ಸಿಗುತ್ತೆ. ಗಾಮಾ ಇವತ್ತಿಂದು, ಬೆಳಕು ಮುಂದಿನ ವಾರದ್ದು ಆದ್ರೆ ಈ ಲೆಕ್ಕ ಪೂರ್ತಿ ಸುಳ್ಳಾಗುತ್ತೆ. ಕೆಲವು ಸಲ ಲೆಕ್ಕಕ್ಕೇ ಸಿಗದ್ದೂ ಬರುತ್ತೆ: 2002ರ ಜೂನ್ 4ರಂದು 1ಇಎಸ್ 1959+650 ಅನ್ನೋ ಬ್ಲೇಜಾರ್ ಅತಿ ಹೆಚ್ಚು ಶಕ್ತಿಯ ಗಾಮಾದಲ್ಲಿ ಜೋರಾಗಿ ಫ್ಲೇರ್ ಆಯ್ತು, ಆದ್ರೆ ಎಕ್ಸ್-ರೇ ಜೊತೆಗೆ ಏರಲೇ ಇಲ್ಲ. ಜೊತೆ ಇಲ್ಲದ ಇಂಥದ್ದನ್ನ ಅನಾಥ ಫ್ಲೇರ್ ಅಂತಾರೆ. ಆ ದಿನ ಎಕ್ಸ್-ರೇ ಉಪಗ್ರಹ ಆ ಕಡೆ ನೋಡ್ದೇ ಇದ್ದಿದ್ರೆ ಇದು ಅನಾಥ ಅಂತಾನೇ ಗೊತ್ತಾಗ್ತಿರಲಿಲ್ಲ.

ನೀವು ಕೇಳಿದ "ನೂರಾರು ಪಟ್ಟು" ಸುದ್ದಿಗೆ ಬರ್ತೀನಿ, ಅದಕ್ಕೆ ಸಿಟಿಎ 102ಗಿಂತ ಒಳ್ಳೇ ಉದಾಹರಣೆ ಇಲ್ಲ. ಪೆಗಾಸಸ್ ನಕ್ಷತ್ರಪುಂಜದಲ್ಲಿರೋ ಬ್ಲೇಜಾರ್ ಇದು, ಇವತ್ತು ನಾವು ನೋಡೋ ಬೆಳಕು ಅಲ್ಲಿಂದ ಹೊರಟು ಸುಮಾರು 800 ಕೋಟಿ ವರ್ಷ ಆಗಿದೆ, ಅಂದ್ರೆ ಹೊರಟಾಗ ನಮ್ಮ ಸೂರ್ಯನೇ ಹುಟ್ಟಿರಲಿಲ್ಲ. ಇದಕ್ಕೆ ಹಳೇ ಇತಿಹಾಸವೂ ಇದೆ. 1965ರಲ್ಲಿ ಸೋವಿಯತ್ ಖಗೋಳ ವಿಜ್ಞಾನಿ ಶೊಲೊಮಿಟ್ಸ್ಕಿ ಇದರ ರೇಡಿಯೋ ಅಲೆ ಏರಿಳೀತಾ ಇದೆ ಅಂದಾಗ ಹೆಚ್ಚಿನವರು ನಂಬಲಿಲ್ಲ, ಇಷ್ಟು ದೊಡ್ಡ ವಸ್ತು ತಿಂಗಳುಗಳಲ್ಲಿ ಬದಲಾಗೋದು ಹೇಗೆ ಸಾಧ್ಯ ಅಂತ, ಬೇರೆ ಲೋಕದ ಜೀವಿಗಳ ಸಿಗ್ನಲ್ ಇರಬಹುದು ಅನ್ನೋ ತನಕ ಮಾತು ಹೋಯ್ತು. ಬದಲಾಗ್ತಿದ್ದದ್ದು ನಿಜವೇ ಆಗಿತ್ತು.

ಸಿಟಿಎ 102 ಸಾಮಾನ್ಯವಾಗಿ 16–17ನೇ ಮ್ಯಾಗ್ನಿಟ್ಯೂಡ್‌ನಲ್ಲಿ ಇರುತ್ತೆ (ಈ ಸಂಖ್ಯೆ ಕಮ್ಮಿ ಆದಷ್ಟೂ ಬೆಳಕು ಹೆಚ್ಚು). 2016ರ ಕೊನೆಯಲ್ಲಿ ಏರೋಕೆ ಶುರುವಾಗಿ ಡಿಸೆಂಬರ್ 28ಕ್ಕೆ ಕೆಂಪು ಫಿಲ್ಟರ್‌ನಲ್ಲಿ 10.8 ಮುಟ್ಟಿತು. ಆರು ಮ್ಯಾಗ್ನಿಟ್ಯೂಡ್ ಅಂದ್ರೆ ಸುಮಾರು 250 ಪಟ್ಟು. ಆ ದಿನಗಳ ಫ್ರೇಮ್ ನಾನು ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಯಾವಾಗಲೂ ಹಾಕ್ತಿದ್ದ ಐದು ನಿಮಿಷದ ಎಕ್ಸ್‌ಪೋಶರ್ ಹಾಕಿದ್ರೆ ನಡುವಿನ ಪಿಕ್ಸೆಲ್‌ಗಳೆಲ್ಲ ತುಂಬಿ ಉಕ್ಕಿ, ಚುಕ್ಕೆಯಿಂದ ಮೇಲೆ ಕೆಳಗೆ ಬಿಳೀ ಗೆರೆ ಎದ್ದಿತ್ತು. ಹೋಲಿಕೆಗೆ ಇಟ್ಕೊಂಡಿದ್ದ ಪಕ್ಕದ ನಕ್ಷತ್ರಗಳು, ಎಷ್ಟೋ ವರ್ಷ ಇದಕ್ಕಿಂತ ಪ್ರಕಾಶಮಾನವಾಗಿ ಇದ್ದವು, ಅವೆಲ್ಲ ಈಗ ಇದರ ಮುಂದೆ ಮಂಕು. ಎಕ್ಸ್‌ಪೋಶರ್ ಹತ್ತು ಸೆಕೆಂಡಿಗೆ ಇಳಿಸಬೇಕಾಯ್ತು. ಇನ್ನೊಂದು ಕಷ್ಟ, ಡಿಸೆಂಬರ್ ಕೊನೆಗೆ ಪೆಗಾಸಸ್ ಸಂಜೆಗೇ ಪಶ್ಚಿಮಕ್ಕೆ ವಾಲಿರುತ್ತೆ, ಕತ್ತಲಾದ ಮೇಲೆ ಮೂರು ಗಂಟೆ ಸಿಕ್ಕಿದ್ರೆ ಹೆಚ್ಚು, ಆಮೇಲೆ ಮುಳುಗಿ ಹೋಗುತ್ತೆ. ಒಂದು ಊರಿನವರಿಗೆ ಮೂರು ಗಂಟೆ. ಅವರಿಗೆ ಮುಳುಗೋ ಹೊತ್ತಿಗೆ ಇನ್ನೂ ಪಶ್ಚಿಮದಲ್ಲಿರೋರು ಶುರು ಮಾಡಬೇಕು, ಹೀಗೆ ಭೂಮಿ ಸುತ್ತ ಕೈಯಿಂದ ಕೈಗೆ ದಾಟಿಸಬೇಕು. ಇದಕ್ಕೇ ಅಂತ 1997ರಿಂದ ಹೋಲ್ ಅರ್ತ್ ಬ್ಲೇಜಾರ್ ಟೆಲಿಸ್ಕೋಪ್ ಅನ್ನೋ ಕೂಟ ಇದೆ, ಇಟಲಿಯ ಟೊರಿನೊದಿಂದ ನಡೆಯುತ್ತೆ, ಅದು ಒಂದು ಟೆಲಿಸ್ಕೋಪ್ ಅಲ್ಲ, ಬೇರೆ ಬೇರೆ ದೇಶಗಳ ಹತ್ತಾರು ಟೆಲಿಸ್ಕೋಪ್‌ಗಳ ಒಪ್ಪಂದ.

ಹಾಗಾದ್ರೆ 250 ಪಟ್ಟು ಏರೋಕೆ ಅಲ್ಲಿ ಏನು ಸಿಡೀತು? ಇಲ್ಲೇ ನೋಡಿ ಮಜಾ ಇರೋದು. ರಾತ್ರಿ ಚಾರ್ಮಾಡಿ ಘಾಟಿಯಲ್ಲಿ ಕೆಳಗೆ ನಿಂತು ಮೇಲಿನಿಂದ ಇಳೀತಿರೋ ಬಸ್ ನೋಡಿದ್ದೀರಾ? ಹೆಡ್‌ಲೈಟ್ ಅದೇ, ಬಲ್ಬ್ ಅದೇ, ಆದ್ರೆ ತಿರುವಿನಲ್ಲಿ ಒಂದು ಕ್ಷಣ ನಿಮ್ಮ ಕಡೆ ಮುಖ ಮಾಡಿದಾಗ ಕಣ್ಣು ಕೋರೈಸುತ್ತೆ, ಮುಂದಿನ ತಿರುವಿಗೆ ಮತ್ತೆ ಮಂಕು. ಟೊರಿನೊದ ಕ್ಲೌಡಿಯಾ ರೈತೇರಿ ಮತ್ತವರ ತಂಡ 2017ರಲ್ಲಿ ನೇಚರ್ ಪತ್ರಿಕೆಯಲ್ಲಿ ಹೇಳಿದ್ದು ಹೆಚ್ಚುಕಮ್ಮಿ ಇದನ್ನೇ: ಸಿಟಿಎ 102ರ ಜೆಟ್ ನೆಟ್ಟಗಿಲ್ಲ, ತಿರುಚಿಕೊಂಡಿದೆ, ಬೆಳಕು ಹೊರಡೋ ಭಾಗ ನಮ್ಮ ಕಡೆಗೆ ತಿರುಗಿತು, ಅಷ್ಟೇ. ನಂಬೋಕೆ ಕಷ್ಟ ಅನ್ನಿಸಿದ್ರೆ ಈ ಲೆಕ್ಕ ಹಾಕಿ ನೋಡಿ, ಬೆಳಕಿನ ವೇಗದ ಶೇ. 99.8ರಲ್ಲಿ ಬರ್ತಿರೋ ಜೆಟ್ ನಮ್ಮ ದೃಷ್ಟಿ ರೇಖೆಯಿಂದ 6 ಡಿಗ್ರಿ ಓರೆಯಾಗಿದ್ದದ್ದು 1 ಡಿಗ್ರಿಗೆ ಬಂದ್ರೆ, ಬರೀ ಅಷ್ಟಕ್ಕೇ, ಬೆಳಕು ನಮಗೆ ಸುಮಾರು ನೂರು ಪಟ್ಟು ಹೆಚ್ಚಾಗಿ ಕಾಣುತ್ತೆ. ಒಳಗೆ ಏನೂ ಬದಲಾಗಿರಬೇಕಿಲ್ಲ.

ಹಾಗಂತ ಎಲ್ಲರೂ ಒಪ್ಪಿಕೊಂಡಿಲ್ಲ. ಜೆಟ್‌ಗೆ ಅಡ್ಡ ಬಂದ ಅನಿಲದ ಮೋಡವೊಂದನ್ನ ಜೆಟ್ ಪದರ ಪದರವಾಗಿ ಕೆರೆದು ತಿಂದು, ತಿಂಗಳುಗಟ್ಟಲೆ ಅದರ ಶಕ್ತಿ ಬೆಳಕಾಯ್ತು ಅಂತ ಇನ್ನೊಂದು ತಂಡ ಹೇಳಿತು. ಮಿಲಿಮೀಟರ್ ರೇಡಿಯೋ ಅಲೆಯಲ್ಲಿ ಜೆಟ್‌ನ ಸೂಕ್ಷ್ಮ ಚಿತ್ರ ತೆಗೆದ ಮೂರನೇ ತಂಡ, ಜೆಟ್ ಒಳಗೆ ಹೊರಟ ಕಣಗಳ ಹೊಸ ಗಂಟೊಂದು ಮುಂದೆ ನಿಂತಿದ್ದ ಆಘಾತದ (ಶಾಕ್ ಅಲೆಯ) ಜಾಗಕ್ಕೆ ಬಂದು ಬಡಿದಿದೆ ಅಂದ್ರು. ಮೂರರಲ್ಲಿ ಯಾವುದು ಸರಿ ಅಂತ ತೂಗೋದು ಹೇಗೆ? ಮತ್ತೆ ಅದೇ, ಬಣ್ಣಗಳ ಸರದಿ ಮತ್ತು ಗಡಿಯಾರ. ತಿರುವಿನಿಂದ ಬೆಳಗಿದ್ದಾದ್ರೆ ಬೆಳಕು ಏರಿದ ಹಾಗೇ ಅದರ ಕಾಲವೂ ಕುಗ್ಗಬೇಕು, ಅಂದ್ರೆ ಪ್ರಕಾಶ ಹೆಚ್ಚಿರೋ ದಿನಗಳಲ್ಲಿ ಸಣ್ಣ ಪುಟ್ಟ ಏರಿಳಿತಗಳೂ ಬೇಗ ಬೇಗ ಆಗಬೇಕು, ಮೇಲಿನ ಲೆಕ್ಕದಲ್ಲಿ ಸುಮಾರು ಮೂರು ಪಟ್ಟು ಬೇಗ. ಒಂದೇ ಜಾಗದಿಂದ ಹೊರಡೋ ಬಣ್ಣಗಳು ಒಟ್ಟಿಗೆ ಏರಬೇಕು, ಬೇರೆ ಜಾಗದಿಂದ ಹೊರಡೋವು ಬೇರೆ ಹೊತ್ತಿಗೆ ಏರಬೇಕು. ಸಿಟಿಎ 102ರಲ್ಲಿ ಕಣ್ಣಿಗೆ ಕಾಣೋ ಬೆಳಕು, ಗಾಮಾ ಜೊತೆಜೊತೆಗೇ ಏರಿದವು, ರೇಡಿಯೋ ಮಾತ್ರ ತನ್ನದೇ ದಾರಿ ಹಿಡೀತು. ದೊಡ್ಡ ಏರಿಕೆ ತಿರುವಿನಿಂದ, ಅದರ ಮೇಲಿನ ಚಿಕ್ಕ ಚಿಕ್ಕ ಮುಳ್ಳುಗಳು ಜೆಟ್ ಒಳಗಿನ ನಿಜವಾದ ಗಲಾಟೆಯಿಂದ ಅನ್ನೋದು ನನಗೆ ಹೆಚ್ಚು ಒಪ್ಪಿಗೆ ಆಗುತ್ತೆ.

ರೇಡಿಯೋ ಯಾಕೆ ಬೇರೆ ದಾರಿ? ಜೆಟ್‌ನ ಬುಡದಲ್ಲಿ ಕಣಗಳು ಎಷ್ಟು ದಟ್ಟ ಅಂದ್ರೆ ರೇಡಿಯೋ ಅಲೆ ಅಲ್ಲೇ ಹೀರಿಕೊಂಡು ಹೋಗುತ್ತೆ, ಘಾಟಿಯ ಮಂಜಿನ ಹಾಗೆ. ಬಸ್ಸು ಮಂಜಿನಿಂದ ಆಚೆ ಬಂದ ಮೇಲೇ ಕಾಣೋದು. ಗಾಮಾಗೆ, ಕಣ್ಣಿಗೆ ಕಾಣೋ ಬೆಳಕಿಗೆ ಆ ಮಂಜು ಅಡ್ಡಿ ಅಲ್ಲ. ಅದಕ್ಕೇ ಎಷ್ಟೋ ಬ್ಲೇಜಾರ್‌ಗಳಲ್ಲಿ ಗಾಮಾ ಫ್ಲೇರ್ ಆಗಿ ವಾರಗಳೋ ತಿಂಗಳುಗಳೋ ಆದ ಮೇಲೆ ರೇಡಿಯೋ ಏರುತ್ತೆ, ಅದೂ ಮೊದಲು ಮಿಲಿಮೀಟರ್ ಅಲೆ, ಆಮೇಲೆ ಸೆಂಟಿಮೀಟರ್ ಅಲೆ. ಆ ತಡದಿಂದ ಫ್ಲೇರ್ ಬ್ಲ್ಯಾಕ್ ಹೋಲ್‌ಗೆ ಎಷ್ಟು ಹತ್ತಿರ ಆಯ್ತು ಅಂತ ಅಂದಾಜು ಹಾಕಬಹುದು. ಕ್ಯಾಲಿಫೋರ್ನಿಯಾದ ಓವೆನ್ಸ್ ವ್ಯಾಲಿಯಲ್ಲಿ 40 ಮೀಟರಿನ ಒಂದು ಡಿಶ್ ಇದೆ, ಅದು ಹತ್ತಿರ ಹತ್ತಿರ 1800 ವಸ್ತುಗಳನ್ನ ವಾರಕ್ಕೆ ಎರಡು ಸಲ ಅಳೀತಾ ವರ್ಷಗಳಿಂದ ಕೂತಿದೆ. ಸುದ್ದಿ ಆಗೋ ಕೆಲಸ ಅಲ್ಲ ಅದು, ಆದ್ರೆ ಅಂಥ ಸಾಲು ಸಾಲು ಅಳತೆ ಇಲ್ಲದಿದ್ರೆ ತಡ ಎಷ್ಟು ಅಂತ ಹೇಳೋಕೇ ಬರಲ್ಲ.

ಗಡಿಯಾರದ ವಿಷಯ ಬಂದಿದ್ದರಿಂದ ನನ್ನದೇ ಒಂದು ತಪ್ಪು ಹೇಳಬೇಕು. ಕೆಲಸ ಕಲೀತಿದ್ದ ವರ್ಷಗಳಲ್ಲಿ ಒಂದು ಬ್ಲೇಜಾರ್‌ನ ಹತ್ತು ರಾತ್ರಿಗಳ ಅಳತೆ ನನ್ನ ಹತ್ರ ಇತ್ತು, ಅದೇ ದಿನಗಳ ಎಕ್ಸ್-ರೇ ಅಳತೆ ಒಂದು ಉಪಗ್ರಹದಿಂದ ಸಿಕ್ಕಿತ್ತು. ಎರಡು ಗ್ರಾಫ್ ಮೇಲೊಂದು ಇಟ್ಟು ನೋಡಿದ್ರೆ ಎಕ್ಸ್-ರೇ ಮೊದಲು ಏರುತ್ತೆ, ಬೆಳಕು ಐದೂವರೆ ಗಂಟೆ ಆದ ಮೇಲೆ ಏರುತ್ತೆ, ಪ್ರತಿ ಸಲವೂ. ನನಗೆ ನೆಲ ಕಾಲಿಗೆ ತಾಕ್ತಿರಲಿಲ್ಲ, ಯಾಕಂದ್ರೆ ಸಿದ್ಧಾಂತ ಹೇಳೋದೂ ಅದನ್ನೇ, ಹೆಚ್ಚು ಶಕ್ತಿಯ ಎಲೆಕ್ಟ್ರಾನು ಮೊದಲು ಎಕ್ಸ್-ರೇ ಚೆಲ್ಲಿ, ತಣ್ಣಗಾಗ್ತಾ ಆಗ್ತಾ ಕಡಿಮೆ ಶಕ್ತಿಯ ಬೆಳಕು ಚೆಲ್ಲಬೇಕು. ಮೂರು ವಾರ ಅದನ್ನೇ ಬರೀತಾ ಕೂತೆ. ಒಬ್ಬ ಹಿರಿಯರು ಗ್ರಾಫ್ ನೋಡಿ, "ಐದೂವರೆ ಗಂಟೆನಾ? ಸರಿಯಾಗಿ ಐದೂವರೆನಾ?" ಅಂತ ಕೇಳಿದ್ರು. ಅಷ್ಟೇ ಕೇಳಿದ್ದು. ಭಾರತದ ಗಡಿಯಾರಕ್ಕೂ ಜಾಗತಿಕ ಯುಟಿ ಸಮಯಕ್ಕೂ ಇರೋ ವ್ಯತ್ಯಾಸ ಐದೂವರೆ ಗಂಟೆ. ಕ್ಯಾಮೆರಾ ಕಂಪ್ಯೂಟರ್ ನಮ್ಮ ಸಮಯದಲ್ಲಿ ಓಡ್ತಿತ್ತು, ನಾನು ಅದನ್ನ ಯುಟಿ ಅಂತ ಓದಿದ್ದೆ. ಸರಿ ಮಾಡಿದ ಮೇಲೆ ಎರಡೂ ಒಟ್ಟಿಗೇ ಏರ್ತಿದ್ದವು. ಅವತ್ತಿಂದ ಇವತ್ತಿನ ತನಕ ಯಾರದೇ ಡೇಟಾ ಕೈಗೆ ಬಂದ್ರೂ ಮೊದಲು ನೋಡೋದು ಸಮಯದ ಕಾಲಂ.

ಸಮಯ ಇಷ್ಟು ಮುಖ್ಯ ಯಾಕೆ ಅನ್ನೋಕೆ ಇನ್ನೊಂದು ಕಾರಣ. ಯಾವುದೇ ವಸ್ತು ತನ್ನ ಈ ಬದಿಯಿಂದ ಆ ಬದಿಗೆ ಬೆಳಕು ದಾಟೋಕೆ ಬೇಕಾದಷ್ಟು ಹೊತ್ತಿಗಿಂತ ಬೇಗ ಒಟ್ಟಾರೆ ಬೆಳಗಿ ಆರೋಕೆ ಆಗಲ್ಲ. ಒಂದು ದಿನದಲ್ಲಿ ಬದಲಾಯ್ತು ಅಂದ್ರೆ ಅದರ ಗಾತ್ರ ಬೆಳಕು ಒಂದು ದಿನ ಓಡೋ ದೂರ, ಅಂದ್ರೆ ಸುಮಾರು 2,600 ಕೋಟಿ ಕಿಲೋಮೀಟರ್‌ನ ಆಸುಪಾಸು (ಜೆಟ್ ನಮ್ಮ ಕಡೆಗೇ ಓಡಿ ಬರ್ತಿರೋದಕ್ಕೆ ಇದನ್ನ ಹತ್ತಿಪ್ಪತ್ತು ಪಟ್ಟು ಹಿಗ್ಗಿಸಬೇಕು, ಅದಿರಲಿ). ಈಗ ಕೇಳಿ: 2006ರ ಜುಲೈ 28ರಂದು ನಮೀಬಿಯಾದ ಹೆಸ್ ಟೆಲಿಸ್ಕೋಪ್‌ಗಳು ಪಿಕೆಎಸ್ 2155-304 ಅನ್ನೋ ಬ್ಲೇಜಾರ್ ಗಾಮಾದಲ್ಲಿ ಸುಮಾರು 200 ಸೆಕೆಂಡಿನ ಲೆಕ್ಕದಲ್ಲಿ ಏರಿಳಿಯೋದನ್ನ ಹಿಡಿದವು. ನೂರು ಕೋಟಿ ಸೂರ್ಯರ ತೂಕದ ಬ್ಲ್ಯಾಕ್ ಹೋಲ್‌ನ ಅಂಚಿನ ತ್ರಿಜ್ಯ ದಾಟೋಕೇ ಬೆಳಕಿಗೆ ಸುಮಾರು ಮೂರು ಗಂಟೆ ಬೇಕು. ಯಂತ್ರ ಮೂರು ಗಂಟೆ ಅಗಲ, ಕಿಡಿ ಮೂರು ನಿಮಿಷದ್ದು. ಜೆಟ್ ಒಳಗೆ ಇನ್ನೂ ವೇಗವಾದ ಸಣ್ಣ ಸಣ್ಣ ಎಳೆಗಳೇನಾದ್ರೂ ಇವೆಯಾ ಅಂತ ತಲೆ ಕೆಡಿಸಿಕೊಳ್ಳೋದು ಇನ್ನೂ ನಿಂತಿಲ್ಲ.

ಫ್ಲೇರ್ ಆಗಿದ್ದು ಗೊತ್ತಾಗೋದು ಹೇಗೆ ಅಂದ್ರೆ, 2008ರ ಜೂನ್‌ನಲ್ಲಿ ಹಾರಿದ ಫರ್ಮಿ ಉಪಗ್ರಹ ಸುಮಾರು ಮೂರು ಗಂಟೆಗೊಮ್ಮೆ ಇಡೀ ಆಕಾಶದ ಗಾಮಾ ನೋಡಿ ಮುಗಿಸುತ್ತೆ. ಸಾಧಾರಣ ಬ್ಲೇಜಾರ್‌ನಿಂದ ಅದಕ್ಕೆ ದಿನಕ್ಕೆ ಸಿಗೋದು ಬೆರಳೆಣಿಕೆಯ ಗಾಮಾ ಕಣಗಳು, ಅವು ಹತ್ತಾರು ಆದ್ರೆ ಅಲ್ಲೇನೋ ಆಗ್ತಿದೆ ಅಂತ. ಕೂಡಲೇ ಆಸ್ಟ್ರಾನಮರ್ಸ್ ಟೆಲಿಗ್ರಾಂ ಅನ್ನೋ ಇಂಟರ್ನೆಟ್ ಸೂಚನಾ ಸೇವೆಯಲ್ಲಿ ನಾಲ್ಕು ಸಾಲಿನ ಸೂಚನೆ ಬರುತ್ತೆ. ಸ್ವಿಫ್ಟ್‌ನಂಥ ಉಪಗ್ರಹವನ್ನ ಗಂಟೆಗಳಲ್ಲೇ ಆ ಕಡೆ ತಿರುಗಿಸಿ ಎಕ್ಸ್-ರೇ, ಅತಿನೇರಳೆ ಎರಡೂ ತೆಗೀಬಹುದು. ಉಳಿದವರು ಅವತ್ತಿನ ಪ್ಲಾನ್ ಬದಿಗಿಟ್ಟು ಗುಮ್ಮಟ ತಿರುಗಿಸ್ತಾರೆ, ಮೋಡ ಇಲ್ಲದಿದ್ರೆ.

ಬೆಳಕು ಅಲ್ಲದ ಸುದ್ದಿಯೂ ಒಮ್ಮೆ ಬಂತು. 2017ರ ಸೆಪ್ಟೆಂಬರ್ 22ರಂದು ದಕ್ಷಿಣ ಧ್ರುವದ ಹಿಮದೊಳಗೆ ಹೂತಿರೋ ಐಸ್‌ಕ್ಯೂಬ್ ಅನ್ನೋ ಉಪಕರಣಕ್ಕೆ ಭಾರೀ ಶಕ್ತಿಯ ಒಂದೇ ಒಂದು ನ್ಯೂಟ್ರಿನೊ (ಹೆಚ್ಚುಕಮ್ಮಿ ಯಾವುದಕ್ಕೂ ಸಿಗದೆ ದಾಟಿಹೋಗೋ ಸೂಕ್ಷ್ಮ ಕಣ) ಸಿಕ್ಕಿತು, 43 ಸೆಕೆಂಡಿನಲ್ಲಿ ಪ್ರಪಂಚಕ್ಕೆಲ್ಲ ತಾನಾಗೇ ಸೂಚನೆ ಹೋಯ್ತು. ಬಂದ ದಿಕ್ಕಿನಲ್ಲಿ ಹುಡುಕಿದಾಗ ಟಿಎಕ್ಸ್‌ಎಸ್ 0506+056 ಅನ್ನೋ ಬ್ಲೇಜಾರ್ ಅದೇ ಸಮಯಕ್ಕೆ ಗಾಮಾದಲ್ಲಿ ಫ್ಲೇರ್ ಆಗ್ತಿತ್ತು, ಫರ್ಮಿ ತಂಡ ಸೆಪ್ಟೆಂಬರ್ 28ಕ್ಕೆ ತಿಳಿಸಿತು, ಆಮೇಲೆ ಕ್ಯಾನರಿ ದ್ವೀಪದ ಮ್ಯಾಜಿಕ್ ಟೆಲಿಸ್ಕೋಪ್‌ಗಳೂ ಅದನ್ನ ಕಂಡವು. ಬರೀ ಎಲೆಕ್ಟ್ರಾನಿನಿಂದ ಇಂಥ ನ್ಯೂಟ್ರಿನೊ ಹುಟ್ಟಲ್ಲ, ಪ್ರೋಟಾನ್ ಬೇಕು, ಅಂದ್ರೆ ಜೆಟ್‌ನಲ್ಲಿ ಪ್ರೋಟಾನ್ ಓಡ್ತಿದೆ ಅನ್ನೋದಕ್ಕೆ ಅಷ್ಟು ಒಳ್ಳೇ ಸುಳಿವು ಅದುವರೆಗೆ ಸಿಕ್ಕಿರಲಿಲ್ಲ. ಆದ್ರೆ ಹಳೇ ದಾಖಲೆ ತೆಗೆದಾಗ 2014ರ ಕೊನೆಯಿಂದ 2015ರ ಶುರುವರೆಗೆ ಅದೇ ದಿಕ್ಕಿನಿಂದ ಹತ್ತಕ್ಕಿಂತ ಹೆಚ್ಚು ನ್ಯೂಟ್ರಿನೊ ಹೆಚ್ಚುವರಿಯಾಗಿ ಬಂದಿತ್ತು, ಆಗ ಗಾಮಾ ಪೂರ್ತಿ ಶಾಂತ! ಒಂದು ಸಲ ಜೊತೆಗೆ, ಒಂದು ಸಲ ಜೊತೆ ಇಲ್ಲದೆ. ಇದನ್ನ ಒಂದೇ ಮಾದರಿಯಲ್ಲಿ ಕೂರಿಸೋದು ಬಹಳ ಕಷ್ಟ ಆಗಿದೆ.

ಇತ್ತೀಚಿನ ಒಂದು ಖುಷಿ ವಿಷಯ, 2021ರ ಡಿಸೆಂಬರ್‌ನಲ್ಲಿ ಹಾರಿದ ಐಎಕ್ಸ್‌ಪಿಇ ಉಪಗ್ರಹ ಎಕ್ಸ್-ರೇಯ ಧ್ರುವೀಕರಣ ಅಳೆಯುತ್ತೆ, ಅಂದ್ರೆ ಅಲೆ ಯಾವ ದಿಕ್ಕಿಗೆ ಓಲಾಡ್ತಿದೆ ಅಂತ. ಮಾರ್ಕೇರಿಯನ್ 501 ಅನ್ನೋ ಬ್ಲೇಜಾರನ್ನ 2022ರ ಮಾರ್ಚ್‌ನಲ್ಲಿ ನೋಡಿದಾಗ ಎಕ್ಸ್-ರೇ ಧ್ರುವೀಕರಣ ಸುಮಾರು ಶೇ. 10, ಕಣ್ಣಿಗೆ ಕಾಣೋ ಬೆಳಕಿಗಿಂತ ಎರಡು ಪಟ್ಟು, ದಿಕ್ಕು ಜೆಟ್‌ಗೆ ಸಮಾನಾಂತರ. ಆಘಾತದ ಅಲೆಯೊಂದು ಕಣಗಳನ್ನ ದೂಡ್ತಿದೆ, ಅದರ ಪಕ್ಕದಲ್ಲೇ ಎಕ್ಸ್-ರೇ ಹುಟ್ಟುತ್ತೆ, ಕಣಗಳು ದೂರ ಸರಿದ ಮೇಲೆ ಉಳಿದ ಬಣ್ಣ ಹುಟ್ಟುತ್ತೆ ಅಂತ ಇದರಿಂದ ಹೇಳೋಕಾಯ್ತು. ಒಂದು ಬಣ್ಣದ ಧ್ರುವೀಕರಣ ಮಾತ್ರ ಇದ್ದಿದ್ರೆ ಈ ಹೋಲಿಕೆನೇ ಇರ್ತಿರಲಿಲ್ಲ.

ಫ್ಲೇರ್ ಯಾವಾಗ ಬರುತ್ತೆ ಅಂತ ಮೊದಲೇ ಹೇಳಬಹುದಾ ಅಂದ್ರೆ, ಆ ಪ್ರಯತ್ನ ದೊಡ್ಡದಾಗಿ ನಡೆದಿರೋದು ಓಜೆ 287 ಅನ್ನೋ ಬ್ಲೇಜಾರ್‌ನಲ್ಲಿ. 1800ರ ದಶಕದ ಕೊನೆಯ ಹಳೇ ಫೋಟೋ ಪ್ಲೇಟ್‌ಗಳಿಂದ ಹಿಡಿದು ಸುಮಾರು 12 ವರ್ಷಕ್ಕೊಮ್ಮೆ ದೊಡ್ಡ ಫ್ಲೇರ್ ಕಾಣುತ್ತೆ, ಎರಡು ಬ್ಲ್ಯಾಕ್ ಹೋಲ್ ಒಂದನ್ನೊಂದು ಸುತ್ತುತ್ತಿವೆ ಅನ್ನೋ ಮಾದರಿ ಅದಕ್ಕಿದೆ, ಮುಂಬೈನ ಟಿಐಎಫ್‌ಆರ್ ಸಂಶೋಧನಾ ಸಂಸ್ಥೆಯವರೂ ಅದರಲ್ಲಿ ದುಡಿದಿದ್ದಾರೆ. 2019ರ ಜುಲೈ 31ರ ಫ್ಲೇರ್ ಭೂಮಿಯಿಂದ ನೋಡೋಕೆ ಸೂರ್ಯ ಅಡ್ಡ, ದೂರದಲ್ಲಿದ್ದ ಸ್ಪಿಟ್ಜರ್ ಬಾಹ್ಯಾಕಾಶ ಟೆಲಿಸ್ಕೋಪ್ ನೋಡಿತು, ಹೇಳಿದ ಸಮಯಕ್ಕೆ ನಾಲ್ಕು ಗಂಟೆಯ ಒಳಗೇ ಬಂತು. ಆದ್ರೆ 2022ರ ಅಕ್ಟೋಬರ್‌ಗೆ ಅಂದ್ಕೊಂಡಿದ್ದ ಫ್ಲೇರ್ ಕಾದು ಕೂತವರಿಗೆ ಸಿಗಲಿಲ್ಲ, ಮಾದರಿ ಬಗ್ಗೆ ವಾದ ಜೋರಾಗಿದೆ.

ನಮ್ಮ ದೇಶದಿಂದ ನೋಡ್ತಾರಾ ಅಂತ ಕೇಳಿದ್ರಿ. ನೋಡ್ತೀವಿ, ಮತ್ತೆ ನಮ್ಮ ಜಾಗವೇ ನಮಗೆ ವರ. ಲಡಾಖ್‌ನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರೋ 2 ಮೀಟರಿನ ಹಿಮಾಲಯನ್ ಚಂದ್ರ ಟೆಲಿಸ್ಕೋಪನ್ನ ಭಾರತೀಯ ಖಗೋಳ ಭೌತ ಸಂಸ್ಥೆಯವರು ನಡೆಸೋದು ಬೆಂಗಳೂರಿನ ಹತ್ರ ಹೊಸಕೋಟೆಯಿಂದ, ಎರಡು ಸಾವಿರ ಕಿಲೋಮೀಟರ್‌ಗಿಂತ ದೂರ, ಉಪಗ್ರಹ ಸಂಪರ್ಕದಲ್ಲಿ. ಆಚೆ ಹೊಸಕೋಟೆ ಹೈವೇಯಲ್ಲಿ ಲಾರಿ ಓಡ್ತಿರುತ್ತೆ, ಒಳಗೆ ಸ್ಕ್ರೀನ್ ಮೇಲೆ ಹಿಮಾಲಯದ ಆಕಾಶ. ಕ್ಯಾನರಿ ದ್ವೀಪದವರಿಗೆ ಒಂದು ನಕ್ಷತ್ರ ನೆತ್ತಿಗೆ ಬರೋಕೆ ಆರೂವರೆ ಗಂಟೆ ಮುಂಚೆ ಹಾನ್ಲೆಗೆ ಬರುತ್ತೆ, ಹಾಗಾಗಿ ಯುರೋಪಿನವರು ಶುರು ಮಾಡೋ ಮುಂಚಿನ ಖಾಲಿ ಗಂಟೆಗಳನ್ನ ತುಂಬೋದು ನಾವು. ಅದೇ ಹಾನ್ಲೆಯಲ್ಲಿ ಗಾಮಾಗೆ ಹಗಾರ್ ಅನ್ನೋ ಟೆಲಿಸ್ಕೋಪ್‌ಗಳ ಗುಂಪು ಇದೆ, 21 ಮೀಟರಿನ ಮೇಸ್ ಟೆಲಿಸ್ಕೋಪ್ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆ ಆಯ್ತು, ಆ ಥರದ ಗಾಮಾ ಟೆಲಿಸ್ಕೋಪ್‌ಗಳಲ್ಲಿ ಏಷ್ಯಾದಲ್ಲೇ ದೊಡ್ಡದು. ರೇಡಿಯೋಗೆ ಪುಣೆ ಹತ್ರ 30 ಡಿಶ್‌ಗಳ ಜಿಎಂಆರ್‌ಟಿ. ಇವೆಲ್ಲಕ್ಕಿಂತ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು ಅಂದ್ರೆ 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಹಾರಿದ ಆಸ್ಟ್ರೋಸ್ಯಾಟ್. ಅತಿನೇರಳೆ, ಮೆದು ಎಕ್ಸ್-ರೇ, ಗಡಸು ಎಕ್ಸ್-ರೇ ಮೂರನ್ನೂ ಒಂದೇ ಉಪಗ್ರಹ ಒಂದೇ ಹೊತ್ತಿಗೆ ನೋಡುವ ಹಾಗೆ ಕಟ್ಟಿದ್ದು, ಗಡಿಯಾರ ಹೊಂದಿಸೋ ತಾಪತ್ರಯವೇ ಇಲ್ಲ.

ಕೊನೇದಾಗಿ ನಿಮ್ಮ 8 ಇಂಚು. ಧಾರಾಳವಾಗಿ ಆಗುತ್ತೆ. ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿ ಮಾರ್ಕೇರಿಯನ್ 421 ಇದೆ, ಸುಮಾರು 40 ಕೋಟಿ ಜ್ಯೋತಿರ್ವರ್ಷ ದೂರ, ಸಾಮಾನ್ಯವಾಗಿ 13ನೇ ಮ್ಯಾಗ್ನಿಟ್ಯೂಡ್ ಆಸುಪಾಸು, ಮಾರ್ಚ್‌ನಿಂದ ಮೇ ತಿಂಗಳ ಸಂಜೆಗಳಲ್ಲಿ ಹಾಸನದಿಂದ ಆರಾಮಾಗಿ ಸಿಗುತ್ತೆ. 51 ಅರ್ಸೆ ಮೇಜೋರಿಸ್ ಅನ್ನೋ ಆರನೇ ಮ್ಯಾಗ್ನಿಟ್ಯೂಡ್ ನಕ್ಷತ್ರ ಅದರ ಪಕ್ಕದಲ್ಲೇ ಇರೋದ್ರಿಂದ ಹುಡುಕೋದು ಸುಲಭ, ಆದ್ರೆ ಅದರ ಪ್ರಭೆ ಬ್ಲೇಜಾರ್ ಮೇಲೆ ಹರಡದ ಹಾಗೆ ಎಕ್ಸ್‌ಪೋಶರ್ ಚಿಕ್ಕದಿಟ್ಟು ಹೆಚ್ಚು ಫ್ರೇಮ್ ತೆಗೆದು ಕೂಡಿಸಿ. ಎಎವಿಎಸ್‌ಒ ಅನ್ನೋ ಹವ್ಯಾಸಿಗಳ ಸಂಘ ಹೋಲಿಕೆ ನಕ್ಷತ್ರಗಳ ಚಾರ್ಟ್ ಉಚಿತವಾಗಿ ಕೊಡುತ್ತೆ, ಹವ್ಯಾಸಿಗಳ ಅಳತೆಗಳು ದೊಡ್ಡ ಕ್ಯಾಂಪೇನ್‌ಗಳಲ್ಲಿ ನಿಜವಾಗಿ ಬಳಕೆ ಆಗಿವೆ. ಒಂದು ನಕ್ಷತ್ರ ಅಲ್ಲ, ಕನಿಷ್ಠ ಎರಡು ಹೋಲಿಕೆ ನಕ್ಷತ್ರ ಇಟ್ಕೊಳ್ಳಿ, ಅವೆರಡರ ನಡುವಿನ ವ್ಯತ್ಯಾಸ ರಾತ್ರಿಯಿಡೀ ಅಲ್ಲಾಡದೆ ಇದ್ರೆ ನಿಮ್ಮ ಅಳತೆ ನಂಬಬಹುದು. ಫಿಲ್ಟರ್ ಯಾವುದು ಅಂತ ಬರೀರಿ. ಫ್ಲೇರ್ ಇಲ್ಲದ ಬೇಜಾರಿನ ರಾತ್ರಿಗಳಲ್ಲೂ ತೆಗೀರಿ, ಮಾಮೂಲಿ ಬೆಳಕು ಎಷ್ಟು ಅಂತ ಗೊತ್ತಿಲ್ಲದೆ ಏರಿದ್ದು ಎಷ್ಟು ಅಂತ ಹೇಳೋಕಾಗಲ್ಲ. ಲ್ಯಾಪ್‌ಟಾಪ್ ಗಡಿಯಾರವನ್ನ ಇಂಟರ್ನೆಟ್ ಸಮಯಕ್ಕೆ ಹೊಂದಿಸಿ, ಎಕ್ಸ್‌ಪೋಶರ್‌ನ ನಡುವಿನ ಸಮಯ ದಾಖಲಿಸಿ, ಮತ್ತೆ ಫೈಲ್ ಹೆಡರ್‌ನಲ್ಲಿ ಬೀಳ್ತಿರೋದು ಯುಟಿನಾ ಐಎಸ್‌ಟಿನಾ ಅಂತ ಮೊದಲ ರಾತ್ರಿಯೇ ಒಂದು ಫೈಲ್ ತೆರೆದು ಕಣ್ಣಾರೆ ನೋಡ್ಕೊಂಡುಬಿಡಿ.